ಸೀಲ್ ಎರಡು ಸಲ ಬದಲಿಸಿದರೂ ಡಿಫರೆನ್ಷಿಯಲ್ ಆಯಿಲ್ ಸೋರುತ್ತಿದೆ, ಯಾವ ಸೀಲ್ ಒಳ್ಳೆಯದು?

ಸ್ಪೋರ್ಟ್ಸ್ ಕಾರುಗಳ ಡಿಫರೆನ್ಷಿಯಲ್ (ಎಂಜಿನ್ ಪವರನ್ನು ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಸೋರಿಕೆ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಕಾರಿನ ಹೆಸರು ಮಾತ್ರ ಬೇರೆ. ಅದಕ್ಕೆ ಈ ಸಲ ವಿವರವಾಗಿ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಚುಟುಕಾಗಿ. ಪಿನಿಯನ್ (ಡಿಫರೆನ್ಷಿಯಲ್ ಮುಂಭಾಗದ ಚಿಕ್ಕ ಗೇರ್ ಮತ್ತು ಅದರ ಶಾಫ್ಟ್) ಎಲ್ಲಿದೆ, ಸೈಡ್ ಸೀಲ್ (ಚಕ್ರಗಳ ಕಡೆ ಶಾಫ್ಟ್ ಹೊರಬರುವ ಜಾಗದಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಎಲ್ಲಿದೆ ಎಂದು ಗೊತ್ತಿಲ್ಲದವರು ಮೊದಲು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ತೆಗೆದು ಚಿತ್ರ ನೋಡಿಕೊಳ್ಳಿ.

ಪ್ರಶ್ನೆ: ನನ್ನದು ಎರಡು ಸೀಟಿನ, ರಿಯರ್ ವೀಲ್ ಡ್ರೈವ್ ಕಾರು. ಡಿಫರೆನ್ಷಿಯಲ್ ಮುಂಭಾಗದಲ್ಲಿ ಆಯಿಲ್ ಸೋರುತ್ತಿತ್ತು. ಪಿನಿಯನ್ ಸೀಲ್ ಬದಲಿಸಿದೆವು. ಎರಡೇ ತಿಂಗಳಲ್ಲಿ ಮತ್ತೆ ಶುರುವಾಯಿತು. ಇನ್ನೊಮ್ಮೆ ಬದಲಿಸಿದೆವು, ನಟ್ ಚೆನ್ನಾಗಿ ಬಿಗಿ ಮಾಡಿದೆವು. ಈಗ ಮತ್ತೆ ಅಲ್ಲೇ ಒದ್ದೆ. ಸ್ಪೀಡ್ ಹೋದಾಗ ಹಿಂದಿನಿಂದ ಗುಂಯ್ ಅನ್ನುವ ಸದ್ದೂ ಬರುತ್ತಿದೆ, ಮೊದಲು ಇರಲಿಲ್ಲ. ಯಾವ ಕಂಪನಿಯ ಸೀಲ್ ಹಾಕಿದರೆ ಬಾಳಿಕೆ ಬರುತ್ತದೆ?

ಉತ್ತರ: ಸೀಲ್ ವಿಷಯ ಆಮೇಲೆ. ಆ ಸದ್ದಿಗೆ ಕಾರಣ ಸಿಗುವವರೆಗೆ ಕಾರು ಓಡಿಸಬೇಡಿ. "ನಟ್ ಚೆನ್ನಾಗಿ ಬಿಗಿ ಮಾಡಿದೆವು" ಎಂದು ಬರೆದಿದ್ದೀರಲ್ಲ, ನನಗೆ ಭಯ ಹುಟ್ಟಿಸಿದ್ದು ಆ ಮಾತು.

ಪಿನಿಯನ್ ನಟ್ ಎಂದರೆ ಸುಮ್ನೆ ಫ್ಲ್ಯಾಂಜ್ (ಮುಂದಿನಿಂದ ಪವರ್ ತರುವ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತಟ್ಟೆ) ಹಿಡಿದುಕೊಳ್ಳುವ ನಟ್ ಅಲ್ಲ. ಒಳಗಿರುವ ಎರಡು ಬೇರಿಂಗ್‌ಗಳ ಮೇಲೆ ಎಷ್ಟು ಒತ್ತಡ (ಪ್ರಿಲೋಡ್) ಇರಬೇಕು ಎನ್ನುವುದನ್ನು ಹೆಚ್ಚಿನ ಕಾರುಗಳಲ್ಲಿ ಆ ನಟ್ಟೇ ತೀರ್ಮಾನಿಸುತ್ತದೆ. ಬೇರಿಂಗ್‌ಗಳ ನಡುವೆ ಕ್ರಷ್ ಸ್ಲೀವ್ ಅನ್ನುವ ತೆಳು ಉಕ್ಕಿನ ಕೊಳವೆ ಇರುತ್ತದೆ. ನಟ್ ಬಿಗಿದಷ್ಟೂ ಅದು ಕುಗ್ಗುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ. ನೀವು ಏರ್ ಗನ್ ಇಟ್ಟು ಗರ್ರ್ ಅನ್ನಿಸಿದ್ದರೆ ಸ್ಲೀವ್ ಅಗತ್ಯಕ್ಕಿಂತ ಜಾಸ್ತಿ ಕುಗ್ಗಿ ಬೇರಿಂಗ್ ಹಿಡಿದುಕೊಂಡಿರುತ್ತದೆ. ಹಿಡಿದುಕೊಂಡ ಬೇರಿಂಗ್ ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ, ಕೊನೆಗೆ ಪಿನಿಯನ್ ಮತ್ತು ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಹಲ್ಲುಗಳನ್ನೂ ತಿನ್ನುತ್ತದೆ. ಈಗ ನಟ್ ಸ್ವಲ್ಪ ಸಡಿಲ ಮಾಡಿದರೆ ಆಗಲ್ವಾ ಎಂದು ಕೇಳುತ್ತೀರಿ. ಆಗಲ್ಲ. ಹೊಸ ಸ್ಲೀವ್ ಹಾಕಿ ಮೊದಲಿನಿಂದ ಸೆಟ್ ಮಾಡಬೇಕು.

ಸದ್ದಿಗೆ ಇನ್ನೊಂದು ಕಾರಣ ಆಯಿಲ್ ಕಡಿಮೆಯಾಗಿರುವುದು. ಇದನ್ನು ಇವತ್ತೇ ನೋಡಿ. ಕಾರು ನಾಲ್ಕೂ ಕಡೆ ಸಮ ಮಟ್ಟದಲ್ಲಿ ನಿಂತಿರಬೇಕು. ಫಿಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ. ಮ್ಯಾನುಯಲ್ ಬೇರೆ ಅಳತೆ ಹೇಳದಿದ್ದರೆ ಆಯಿಲ್ ಆ ತೂತಿನ ಕೆಳ ಅಂಚಿಗೆ ಮುಟ್ಟಿರಬೇಕು. ಇಂಥ ಚಿಕ್ಕ ಕಾರುಗಳ ಡಿಫರೆನ್ಷಿಯಲ್‌ನಲ್ಲಿ ಇರುವುದೇ ಸುಮಾರು 1 ಲೀಟರ್. ಅದರಲ್ಲಿ ಕಾಲು ಲೀಟರ್ ಹೋದರೂ ದೊಡ್ಡ ಪಾಲೇ ಹೋದಂತೆ. ಆಯಿಲ್ ಬದಲಿಸುವವರಿಗೆ ಒಂದು ಮಾತು: ಫಿಲ್ ಪ್ಲಗ್ ಬಿಚ್ಚಿಕೊಳ್ಳುತ್ತದೆ ಎಂದು ಖಾತ್ರಿಯಾಗುವವರೆಗೆ ಡ್ರೈನ್ ಪ್ಲಗ್ ಮುಟ್ಟಬೇಡಿ. ಹಳೇ ಆಯಿಲ್ ಎಲ್ಲ ಇಳಿಸಿ, ಆಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆ ಎಂದು ಬರೆಯುವವರು ತುಂಬಾ ಜನ.

ಡ್ರೈನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ನೋಡಿ. ಬೂದು ಬಣ್ಣದ ನುಣುಪಾದ ಪೇಸ್ಟ್ ಅಂಟಿದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಚಕ್ಕೆ ಇದ್ದರೆ ಸೀಲ್ ಮಾತು ಬಿಟ್ಟು ಡಿಫರೆನ್ಷಿಯಲ್ ಇಳಿಸಿ ಬಿಚ್ಚಿಸಿ.

ಇನ್ನು ಸೀಲ್ ಯಾಕೆ ಮತ್ತೆ ಮತ್ತೆ ಹೋಗುತ್ತದೆ? ಬ್ರೀದರ್ ನೋಡಿದಿರಾ? ನೋಡಿಲ್ಲ ಅಂತಲೇ ಅಂದುಕೊಳ್ಳುತ್ತೇನೆ, ಯಾಕೆಂದರೆ ಯಾರೂ ನೋಡುವುದಿಲ್ಲ. ಹೌಸಿಂಗ್ ಮೇಲ್ಭಾಗದಲ್ಲಿ ಚಿಕ್ಕ ಟೊಪ್ಪಿಯಂಥ ಭಾಗ, ಕೆಲವು ಕಾರುಗಳಲ್ಲಿ ಒಂದು ಸಣ್ಣ ಹೋಸ್. ಗಾಡಿ ಓಡಿದಾಗ ಆಯಿಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಆ ಗಾಳಿ ಬ್ರೀದರ್‌ನಿಂದ ಹೊರಗೆ ಹೋಗಬೇಕು. ದಾರಿ ಮುಚ್ಚಿದ್ದರೆ ಸೀಲ್ ತುಟಿಯನ್ನು ತಳ್ಳಿಕೊಂಡು ಹೋಗುತ್ತದೆ, ಜೊತೆಗೆ ಆಯಿಲ್ ಕೂಡ. ಈ ಸೀಲ್‌ಗಳು ಆಯಿಲ್ ಚಿಮ್ಮುವುದನ್ನು ತಡೆಯಲು ಇರುವಂಥವು, ಒತ್ತಡ ತಡೆಯಲು ಅಲ್ಲ. ಎಷ್ಟೇ ಒಳ್ಳೆಯ ಕಂಪನಿಯದು ಹಾಕಿ, ಬ್ರೀದರ್ ಮುಚ್ಚಿದ್ದರೆ ಸೋರುತ್ತದೆ. ಕೆಸರು, ಧೂಳು ಮೆತ್ತಿಕೊಂಡು ಮುಚ್ಚಿಹೋಗುವುದು ಒಂದು. ಅದಕ್ಕಿಂತ ಕೆಟ್ಟದ್ದು, ತುಕ್ಕು ಹಿಡಿಯಬಾರದೆಂದು ಅಡಿಗೆ ಕಪ್ಪು ಕೋಟಿಂಗ್ ಹೊಡೆಸುವಾಗ ಬ್ರೀದರ್ ಮೇಲೂ ಹೊಡೆದುಬಿಡುವುದು. ಕೋಟಿಂಗ್ ಮಾಡಿಸಿದ ಸ್ವಲ್ಪ ದಿನಕ್ಕೆ ಸೋರಿಕೆ ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಟೊಪ್ಪಿ ಬೆರಳಲ್ಲಿ ಸಲೀಸಾಗಿ ಆಡಬೇಕು. ಹೊರಗೆ ತೆಗೆದು ಊದಿದರೆ ಗಾಳಿ ಹೋಗಬೇಕು. ಕೂತಲ್ಲೇ ತಂತಿ ಹಾಕಿ ತಿವಿದರೆ ಕೊಳೆಯೆಲ್ಲ ಒಳಗೆ ಬೀಳುತ್ತದೆ, ಬಿಚ್ಚಿಯೇ ತೊಳೆಯಿರಿ.

ಬ್ರೀದರ್ ಸರಿಯಿದೆ ಅಂದಮೇಲೆ, ಸೋರುತ್ತಿರುವುದು ನಿಜವಾಗಲೂ ಪಿನಿಯನ್ ಸೀಲೇನಾ ಎಂದು ಖಚಿತ ಮಾಡಿಕೊಳ್ಳಿ. ಇಡೀ ಹೌಸಿಂಗ್ ಬ್ರೇಕ್ ಕ್ಲೀನರ್‌ನಿಂದ ತೊಳೆದು ಒಣಗಿಸಿ. ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಹತ್ತು ಹದಿನೈದು ನಿಮಿಷ ಓಡಿಸಿ ನೋಡಿ, ಪೌಡರ್ ಮೇಲೆ ಆಯಿಲ್‌ನ ಗೆರೆ ಎದ್ದು ಕಾಣುತ್ತದೆ. ಸದ್ದು ಬರುತ್ತಿರುವ ನಿಮ್ಮ ಕಾರಿನಲ್ಲಿ ಮಾತ್ರ ಸದ್ದಿನ ಕಾರಣ ಸರಿಪಡಿಸಿದ ಮೇಲೆ ಈ ಪರೀಕ್ಷೆ. ಪಿನಿಯನ್ ಸೀಲ್ ಸೋರಿದರೆ ತಿರುಗುವ ಫ್ಲ್ಯಾಂಜ್ ಆಯಿಲನ್ನು ಸುತ್ತಲೂ ಎರಚುತ್ತದೆ. ಮೇಲಿನ ತಗಡಿನ ಮೇಲೆ ಅಡ್ಡಕ್ಕೆ ಒಂದು ಪಟ್ಟೆ ಬಿದ್ದಿರುತ್ತದೆ, ಅದೇ ಗುರುತು. ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹಿಂದಿನ ಕವರ್ ಒದ್ದೆಯಾಗಿದೆ ಎಂದು ಅದರ ಗ್ಯಾಸ್ಕೆಟ್ ಬದಲಿಸಲು ಹೊರಡಬೇಡಿ. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗ ಹುಡುಕಿ.

ಅಲ್ಲೇ ಎಂದು ಗೊತ್ತಾಯಿತಾ? ಹಾಗಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಪ್ಲೇ ಇದ್ದರೆ ಬೇರಿಂಗ್ ಹೋಗಿದೆ. ಪಿನಿಯನ್ ಶಾಫ್ಟೇ ಕುಣಿಯುತ್ತಿದ್ದರೆ ರಬ್ಬರ್ ತುಟಿ ಎಷ್ಟು ದಿನ ಹಿಡಿದೀತು? ಇಂಥ ಕಾರಿಗೆ ಬರೀ ಸೀಲ್ ಹಾಕಿ "ಆಯ್ತು ಸರ್, ಇನ್ನು ಸೋರಲ್ಲ" ಎಂದು ಕಳಿಸುವವರು ಮೆಕ್ಯಾನಿಕ್ ಅಲ್ಲ, ನಿಮ್ಮ ದುಡ್ಡು ತಿನ್ನುವವರು.

ಪ್ಲೇ ಇಲ್ಲದಿದ್ದರೆ ಫ್ಲ್ಯಾಂಜ್ ಹೊರಗೆ ತೆಗೆದಾಗ ಸೀಲ್ ಕೂರುವ ನುಣುಪು ಭಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಹಳೇ ಸೀಲ್ ಅಲ್ಲಿ ತೋಡು ಕೊರೆದಿದೆ ಎಂದರ್ಥ. ಹೊಸ ಸೀಲ್ ಅದೇ ತೋಡಿನ ಮೇಲೆ ಕೂತರೆ ಅದೂ ಸೋರುತ್ತದೆ. ಎರಡು ಸಲ ಹಾಳಾಗಿದೆ ಎಂದರೆ ನಿಮ್ಮ ಕಾರಿನಲ್ಲಿ ಇದೂ ಇರುವ ಸಾಧ್ಯತೆ ಹೆಚ್ಚು. ಫ್ಲ್ಯಾಂಜ್ ಹೊಸದು ಹಾಕಿ, ಇಲ್ಲವೇ ಆ ಭಾಗದ ಮೇಲೆ ಕೂರುವ ತೆಳು ಸ್ಟೀಲ್ ರಿಪೇರ್ ಸ್ಲೀವ್ ಹಾಕಿ. ಎಮರಿ ಪೇಪರ್‌ನಲ್ಲಿ ಉಜ್ಜಿ ಸರಿ ಮಾಡುತ್ತೇನೆ ಎನ್ನುವವರ ಮಾತು ಕೇಳಬೇಡಿ.

ಮತ್ತೆ ನಟ್ ವಿಷಯಕ್ಕೆ ಬರೋಣ. ಬಿಚ್ಚುವ ಮೊದಲೇ ನಟ್, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಸೇರಿ ಒಂದು ಗುರುತು ಹಾಕಿ. ನಟ್ ಹೊರಗೆ ಎಷ್ಟು ಥ್ರೆಡ್ ಕಾಣುತ್ತಿದೆ ಎಣಿಸಿಟ್ಟುಕೊಳ್ಳಿ. ಬಿಚ್ಚುವ ಮುಂಚೆ ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಎಂದು ಮುಳ್ಳಿರುವ ಸಣ್ಣ ಟಾರ್ಕ್ ರೆಂಚ್‌ನಲ್ಲಿ ಅಳೆಯಿರಿ. ಕ್ಲಿಕ್ ಆಗುವ ರೆಂಚ್ ಇದಕ್ಕೆ ಬರುವುದಿಲ್ಲ. ಬ್ರೇಕ್ ಪ್ಯಾಡ್ ಉಜ್ಜುತ್ತಿದ್ದರೆ ಅಳತೆ ತಪ್ಪು ಬರುತ್ತದೆ, ಕ್ಯಾಲಿಪರ್ ತೆಗೆದಿಡಿ. ಹೊಸ ಸೀಲ್‌ನ ತುಟಿಗೆ ಗೇರ್ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಬದಿ ಒಳಗೆ ಬರುವಂತೆ ಇಟ್ಟು, ಅಗಲ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ. ನಟ್ ಹೊಸದೇ ಹಾಕಿ, ಕೈ ರೆಂಚ್‌ನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಪ್ರತಿ ಸಲ ಅಳೆಯಿರಿ. ಮೊದಲಿನ ಅಳತೆಗೆ ಬಂದು, ಮ್ಯಾನುಯಲ್ ಹೇಳಿದಷ್ಟು ಮಾತ್ರ ಮುಂದೆ ಹೋಗಿ ನಿಲ್ಲಿಸಿ. ನಿಮ್ಮ ಕಾರಿನಲ್ಲಿ ಆ ಮೊದಲ ಅಳತೆಯೇ ಕೆಟ್ಟುಹೋಗಿರುವುದರಿಂದ ಈ ದಾರಿ ಮುಚ್ಚಿದೆ. ಹೊಸ ಕ್ರಷ್ ಸ್ಲೀವ್, ಹೊಸ ಸೀಲ್, ಬಹುಶಃ ಹೊಸ ಬೇರಿಂಗ್. ಇದನ್ನು ಡಿಫರೆನ್ಷಿಯಲ್ ಕೆಲಸವನ್ನೇ ಮಾಡುವವರ ಕೈಗೆ ಕೊಡಿ. ಕೊಡುವ ಮೊದಲು "ಪ್ರಿಲೋಡ್ ಹೇಗೆ ಅಳೀತೀರಿ?" ಎಂದು ಕೇಳಿ. "ಕೈಯಲ್ಲೇ ಗೊತ್ತಾಗುತ್ತೆ" ಎಂದರೆ ಕಾರು ವಾಪಸ್ ತನ್ನಿ.

ಪ್ರಶ್ನೆ: ಸ್ಟಾಪ್ ಲೀಕ್ (ಸೋರಿಕೆ ನಿಲ್ಲಿಸಲು ಆಯಿಲ್ ಜೊತೆ ಬೆರೆಸುವ ದ್ರವ) ಹಾಕಬಹುದಾ?

ಉತ್ತರ: ಬೇಡ. ಅದು ರಬ್ಬರನ್ನು ಮೆತ್ತಗೆ ಮಾಡಿ ಊದಿಸುತ್ತದೆ, ಅಷ್ಟೇ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಪವರ್ ಕಳಿಸುವ) ಡಿಫರೆನ್ಷಿಯಲ್‌ಗಂತೂ ಬೇಡವೇ ಬೇಡ.

ಪ್ರಶ್ನೆ: 75ಡಬ್ಲ್ಯೂ-90 ಗ್ರೇಡಿನ ಗೇರ್ ಆಯಿಲ್ ಬದಲು ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದಂತೆ, ಹೌದಾ?

ಉತ್ತರ: ಇಲ್ಲ. ಬಿಸಿಯಾದ ಮೇಲೆ ಅದೂ ತೆಳುವಾಗಿ ಸೋರುತ್ತದೆ. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ.

ಪ್ರಶ್ನೆ: ಸೀಲ್ ಸುತ್ತ ಹೊರಗಿನಿಂದ ಸಿಲಿಕೋನ್ ಹಚ್ಚಿಕೊಟ್ಟಿದ್ದಾರೆ. ಸಾಕಾಗುತ್ತದಾ?

ಉತ್ತರ: ಸೋರುವುದು ಶಾಫ್ಟ್ ತಿರುಗುವ ಜಾಗದಲ್ಲಿ. ಅಲ್ಲಿ ಸಿಲಿಕೋನ್ ಏನು ಮಾಡೀತು? ಕೆರೆದು ತೆಗೆಸಿ.

ಪ್ರಶ್ನೆ: ಹನಿ ಬೀಳುವುದಿಲ್ಲ. ಸೀಲ್ ಪಕ್ಕ ಧೂಳು ಮೆತ್ತಿಕೊಂಡು ಸ್ವಲ್ಪ ತೇವ ಮಾತ್ರ ಇದೆ. ಬದಲಿಸಲಾ?

ಉತ್ತರ: ಮುಟ್ಟಬೇಡಿ. ಒರೆಸಿ, ಬ್ರೀದರ್ ತೊಳೆದು, ಸರ್ವಿಸ್‌ಗೊಮ್ಮೆ ಆಯಿಲ್ ಮಟ್ಟ ನೋಡಿ. ಹನಿ ಕಟ್ಟಿದರೆ, ಎಕ್ಸಾಸ್ಟ್ ಮೇಲೆ ಅಥವಾ ಬ್ರೇಕ್, ಟೈರ್ ಕಡೆ ಹಾರಿದರೆ ಆಗ ತಡ ಮಾಡಬೇಡಿ.

ಪ್ರಶ್ನೆ: ನಿಸ್ಸಾನ್ 350ಝಡ್ ಇದೆ. ಡಿಫರೆನ್ಷಿಯಲ್ ಹತ್ತಿರ ಕಪ್ಪು ದ್ರವ ಇಳಿದಿದೆ. ಆದರೆ ಆಯಿಲ್ ಮಟ್ಟ ಸರಿಯಾಗಿದೆ. ಹೇಗೆ?

ಉತ್ತರ: ಅದು ಡಿಫರೆನ್ಷಿಯಲ್ ಆಯಿಲ್ ಅಲ್ಲದಿರಬಹುದು. ಆ ಕಾರಿನಲ್ಲಿ ಡಿಫರೆನ್ಷಿಯಲ್ ಹಿಡಿದಿರುವ ಬುಷ್ (ರಬ್ಬರ್ ಆಸರೆ) ಒಳಗೇ ದ್ರವ ಇರುತ್ತದೆ. ಬುಷ್ ಒಡೆದರೆ ಅದು ಸುರಿಯುತ್ತದೆ. ಗೇರ್ ಬದಲಿಸುವಾಗ ಹಿಂದೆ ಧಡ್ ಎನ್ನುತ್ತಿದ್ದರೆ ಇನ್ನೂ ಅನುಮಾನ ಪಡಿ. ಬುಷ್ ಬದಲಿಸಿ, ಸೀಲ್ ಬಿಟ್ಟುಬಿಡಿ.

ಪ್ರಶ್ನೆ: ಕಾರ್ವೆಟ್ ಸಿ5ನಲ್ಲಿ ಗೇರ್‌ಬಾಕ್ಸೂ ಹಿಂದೆಯೇ ಇದೆ. ಸೋರುತ್ತಿರುವುದು ಗೇರ್‌ಬಾಕ್ಸಾ, ಡಿಫರೆನ್ಷಿಯಲ್ಲಾ?

ಉತ್ತರ: ಬಿಳಿ ರಟ್ಟಿನ ಮೇಲೆ ಹನಿ ಹಿಡಿದು ಮೂಸಿ. ಗೇರ್‌ಬಾಕ್ಸ್‌ನದು ತೆಳುವಾದ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್). ಡಿಫರೆನ್ಷಿಯಲ್‌ನದು ದಪ್ಪ, ಗಂಧಕದ ಘಾಟು ವಾಸನೆ. ಮ್ಯಾನುಯಲ್ ಗೇರ್ ಇರುವ ಪೋರ್ಷೆ 944 ಇರುವವರು ಈ ಉಪಾಯ ಮಾಡಬೇಡಿ, ಅದರಲ್ಲಿ ಗೇರ್‌ಬಾಕ್ಸ್‌ಗೂ ಡಿಫರೆನ್ಷಿಯಲ್‌ಗೂ ಒಂದೇ ಆಯಿಲ್.

ಪ್ರಶ್ನೆ: ಸೈಡ್ ಸೀಲ್ ನೋಡಲು ಒಂದು ಚಕ್ರ ಜಾಕ್ ಮೇಲೆ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್‌ಗೆ ಹಾಕಿ ನೋಡಬಹುದಾ?

ಉತ್ತರ: ದಯವಿಟ್ಟು ಬೇಡ. ಲಿಮಿಟೆಡ್ ಸ್ಲಿಪ್ ಇರುವ ಕಾರಿನಲ್ಲಿ ನೆಲದ ಮೇಲಿರುವ ಚಕ್ರಕ್ಕೂ ಪವರ್ ಹೋಗುತ್ತದೆ, ಕಾರು ಜಾಕ್‌ನಿಂದ ಜಿಗಿಯುತ್ತದೆ. ಎಂಜಿನ್ ಬಂದ್ ಇರಲಿ. ಕಾರು ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂತಿರಲಿ. ಆಮೇಲಷ್ಟೇ ಟಾರ್ಚ್ ಹಿಡಿದು ಕೆಳಗೆ ಹೋಗಿ.

ಪ್ರಶ್ನೆ: ಟ್ರ್ಯಾಕ್‌ನಲ್ಲಿ ಓಡಿಸಿದ ದಿನ ಮಾತ್ರ ಡಿಫರೆನ್ಷಿಯಲ್ ತಲೆ ಮೇಲೆ ಆಯಿಲ್. ಬೇರೆ ದಿನ ಒಣಗಿರುತ್ತದೆ.

ಉತ್ತರ: ಬ್ರೀದರ್‌ನಿಂದ ಉಗುಳುತ್ತಿದೆ. ಆಯಿಲ್ ಜಾಸ್ತಿ ತುಂಬಿದ್ದೀರಾ ಎಂದು ಮೊದಲು ನೋಡಿ. ಮಟ್ಟ ಸರಿಯಿದ್ದರೂ ಜೋರು ತಿರುವಿನಲ್ಲಿ ಬಿಸಿ ಆಯಿಲ್ ಮೇಲಕ್ಕೆ ಏರುತ್ತದೆ. ಬ್ರೀದರ್‌ಗೆ ಹೋಸ್ ಹಾಕಿ ಎತ್ತರಕ್ಕೆ ಒಯ್ದು ಸಣ್ಣ ಕ್ಯಾಚ್ ಕ್ಯಾನ್‌ಗೆ ಬಿಡಿ. ಹೋಸ್ ಎಲ್ಲೂ ಮಡಚದಂತೆ ನೋಡಿಕೊಳ್ಳಿ. ಉಗುಳುತ್ತದೆ ಎಂದು ಬ್ರೀದರ್‌ಗೆ ಬಿರಡೆ ಹಾಕಿದರೆ ಮುಂದಿನ ತಿಂಗಳು ನೀವೂ ಪಿನಿಯನ್ ಸೀಲ್ ಬಗ್ಗೆಯೇ ಕೇಳುತ್ತೀರಿ.