ಹಳೆಯ ವಿಡಿಯೊ ಕ್ಯಾಸೆಟ್, ಡಿಸ್ಕ್‌ಗಳ ಮಾರಾಟ: ಓದುಗರ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಎರಡು ಪೆಟ್ಟಿಗೆ ತುಂಬ ಸಿನಿಮಾದ ವಿಎಚ್‌ಎಸ್ ಕ್ಯಾಸೆಟ್‌ಗಳಿವೆ. ಇವಕ್ಕೆ ಈಗ ಒಳ್ಳೆಯ ಬೆಲೆ ಇದೆಯಂತೆ, ನಿಜವೇ?

ಉತ್ತರ: ಕೆಲವಕ್ಕೆ ಮಾತ್ರ ಇದೆ. ವಿಎಚ್‌ಎಸ್ 1976ರಲ್ಲಿ ಮಾರುಕಟ್ಟೆಗೆ ಬಂತು. ಮುಂದಿನ ಎರಡೂವರೆ ದಶಕ ಜನಪ್ರಿಯ ಚಿತ್ರಗಳ ಕ್ಯಾಸೆಟ್‌ಗಳು ಲಕ್ಷಗಟ್ಟಲೆ ತಯಾರಾದವು. ಅಂಥವನ್ನು ಬಿಡಿಬಿಡಿಯಾಗಿ ಮಾರಿದರೆ ಕಳುಹಿಸುವ ಖರ್ಚೂ ಹುಟ್ಟದು. ಹತ್ತು ಹದಿನೈದನ್ನು ಒಂದೇ ಬಗೆಯವು ಎಂದು ಕಟ್ಟು ಮಾಡಿ ಕೊಟ್ಟುಬಿಡಿ.

ಸಂಗ್ರಾಹಕರು ಹುಡುಕುವುದು ಬೇರೆಯವನ್ನು: ಡಿವಿಡಿಯಲ್ಲಾಗಲಿ ಸ್ಟ್ರೀಮಿಂಗ್‌ನಲ್ಲಾಗಲಿ ಬಾರದೇ ಉಳಿದ ಸಣ್ಣ ಬಜೆಟ್ಟಿನ ಚಿತ್ರಗಳು, ಅದರಲ್ಲೂ ಹಾರರ್, ಆಮೇಲಿನ ಆವೃತ್ತಿಗಳಲ್ಲಿ ಸಂಗೀತ ಬದಲಾದ ಇಲ್ಲವೇ ದೃಶ್ಯ ಕತ್ತರಿಸಲಾದ ಚಿತ್ರಗಳ ಮೊದಲ ಬಿಡುಗಡೆ, ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಆರಂಭದ ಕ್ಯಾಸೆಟ್‌ಗಳು, ಸೀಲ್ ಒಡೆಯದವು. ಪೆಟ್ಟಿಗೆ ಇಲ್ಲದ ಕ್ಯಾಸೆಟ್ ಎಷ್ಟೇ ಅಪರೂಪದ್ದಾದರೂ ಬೆಲೆ ಗಣನೀಯವಾಗಿ ಇಳಿಯುತ್ತದೆ.

ಬೆಲೆ ಕಟ್ಟುವಾಗ ಬೇರೆ ಮಾರಾಟಗಾರರು ಕೇಳುತ್ತಿರುವ ಮೊತ್ತವನ್ನು ನಂಬಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಹರಾಜು ತಾಣಗಳಲ್ಲಿ ಮಾರಾಟವಾಗಿ ಮುಗಿದ ವಸ್ತುಗಳ ಪಟ್ಟಿಯನ್ನು ತೆರೆದು, ಅದೇ ಬಾರ್‌ಕೋಡ್, ಪೆಟ್ಟಿಗೆಯ ಬೆನ್ನಿನ ಮೇಲಿನ ಅದೇ ಕ್ಯಾಟಲಾಗ್ ಸಂಖ್ಯೆ ಇರುವ ಪ್ರತಿಗೆ ಏನು ಸಿಕ್ಕಿದೆ ನೋಡಿ. ಒಂದೇ ಚಿತ್ರದ ಮೊದಲ ಬಿಡುಗಡೆಗೂ ಮರುಬಿಡುಗಡೆಗೂ ಬೆಲೆಯಲ್ಲಿ ಅಜಗಜಾಂತರ ಇರುತ್ತದೆ.

ಪ್ರಶ್ನೆ: ಕ್ಯಾಸೆಟ್‌ಗಳನ್ನು ಹಾಕಿ ನೋಡದೇ ಮಾರಬಹುದೇ? ಪರೀಕ್ಷಿಸುವುದಾದರೆ ಹೇಗೆ?

ಉತ್ತರ: ‘ಪರೀಕ್ಷಿಸಿಲ್ಲ’ ಎಂದು ಬರೆದರೆ ಕೊಳ್ಳುವವರು ಅದನ್ನು ‘ಕೆಟ್ಟಿದೆ’ ಎಂದೇ ಓದಿಕೊಳ್ಳುತ್ತಾರೆ. ಕ್ಯಾಸೆಟ್ ಓಡಿಸುವ ಹೊಸ ವಿಸಿಆರ್‌ಗಳ ತಯಾರಿಕೆ 2016ರಲ್ಲೇ ನಿಂತಿರುವುದರಿಂದ ಪರೀಕ್ಷೆಗೆ ಸೆಕೆಂಡ್ ಹ್ಯಾಂಡ್ ಯಂತ್ರವನ್ನೇ ಹುಡುಕಬೇಕು. ಆದರೆ ಯಂತ್ರಕ್ಕೆ ಹಾಕುವ ಮೊದಲು ಕಣ್ಣಿನ ಪರೀಕ್ಷೆ ಆಗಲೇಬೇಕು.

ಕ್ಯಾಸೆಟ್‌ನ ಕಿಟಕಿಗೆ ಟಾರ್ಚ್ ಹಿಡಿದು ಸುರುಳಿಯ ಅಂಚನ್ನು ಓರೆಯಾಗಿ ನೋಡಿ. ಅದು ಕಪ್ಪಗೆ, ಒಂದೇ ಸಮವಾಗಿ ಇರಬೇಕು. ಬಿಳಿ ಪುಡಿಯಂಥ ಚುಕ್ಕೆ ಅಥವಾ ಎಳೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಬೂಷ್ಟು ಯಂತ್ರದೊಳಗೆ ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಂಡು, ಅಲ್ಲಿಂದ ಮುಂದೆ ಹಾಕುವ ಪ್ರತಿ ಕ್ಯಾಸೆಟ್‌ಗೂ ಹರಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ. ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ.

ಬಳಿಕ ಕ್ಯಾಸೆಟ್‌ನ ಪಕ್ಕದಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿ ಮುಂದಿನ ಮುಚ್ಚಳ ಎತ್ತಿ. ಟೇಪ್ ಮಡಚಿದೆಯೇ, ಅಂಚು ಸುಕ್ಕುಗಟ್ಟಿದೆಯೇ ನೋಡಿ. ವಿಎಚ್‌ಎಸ್ ಟೇಪ್ ಅರ್ಧ ಇಂಚು ಅಗಲ. ಸಾಧಾರಣ ಧ್ವನಿಯ ಜಾಡು ಅದರ ಮೇಲಂಚಿನಲ್ಲಿದೆ, ಚಿತ್ರವನ್ನು ಹಿಡಿತದಲ್ಲಿಡುವ ಕಂಟ್ರೋಲ್ ಟ್ರ್ಯಾಕ್ ಕೆಳಂಚಿನಲ್ಲಿದೆ. ಮೇಲಂಚು ಹಾಳಾಗಿದ್ದರೆ ಮಾತು ಕಡಿದು ಕಡಿದು ಕೇಳಿಸುತ್ತದೆ. ಕೆಳಂಚು ಹಾಳಾಗಿದ್ದರೆ ಚಿತ್ರವೇ ಜಿಗಿಯುತ್ತದೆ, ಇದಕ್ಕೆ ಮದ್ದಿಲ್ಲ.

ಇಷ್ಟರಲ್ಲಿ ಪಾಸಾದ ಕ್ಯಾಸೆಟ್ಟನ್ನು ಕೊನೆಯವರೆಗೆ ಫಾಸ್ಟ್ ಫಾರ್ವರ್ಡ್ ಮಾಡಿ ಮತ್ತೆ ಪೂರ್ತಿ ರಿವೈಂಡ್ ಮಾಡಿ. ವರ್ಷಗಟ್ಟಲೆ ಅಲುಗಾಡದೇ ಇದ್ದ ಸುರುಳಿ ಸಡಿಲಗೊಂಡು ಬಿಗಿ ಒಂದೇ ಸಮನಾಗುತ್ತದೆ. ನಂತರ ಆರಂಭ, ನಡು, ಕೊನೆ, ಮೂರು ಕಡೆ ಐದೈದು ನಿಮಿಷ ಓಡಿಸಿ. ಹೆಚ್ಚು ಸವೆದಿರುವುದು ಆರಂಭವೇ.

ಚಿತ್ರದ ಕೆಳಭಾಗದಲ್ಲಿ ಬಿಳಿ ಪಟ್ಟಿ ಕಂಡರೆ ಟ್ರ್ಯಾಕಿಂಗ್ (ಹೆಡ್ ಟೇಪಿನ ಜಾಡಿಗೆ ಸರಿಯಾಗಿ ಕೂರುವುದು) ಹೊಂದಿಸಿ. ಹಾಕಿದ ಕ್ಯಾಸೆಟ್‌ಗಳಲ್ಲೆಲ್ಲ ಹಾಗೇ ಕಂಡರೆ ದೋಷ ಯಂತ್ರದ ಹೆಡ್‌ನಲ್ಲಿದೆ. ಯಂತ್ರದ ಪ್ಲಗ್ ಕಿತ್ತು, ಶಾಮೀ ಚರ್ಮದ ತುದಿಯ ಕಡ್ಡಿಗೆ ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಹೆಡ್ ಕೂತಿರುವ ತಿರುಗುವ ಉರುಳೆಗೆ, ಅಂದರೆ ಡ್ರಮ್ಮಿಗೆ, ಅಡ್ಡಲಾಗಿ ಮೆಲ್ಲಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಮೇಲಿನಿಂದ ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಸುತ್ತಿದ ಕಡ್ಡಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿ.

ಚಿತ್ರ ಒಮ್ಮೆ ಮಂಕಾಗಿ ಒಮ್ಮೆ ಹೊಳಪಾಗಿ ಏರಿಳಿಯುತ್ತಿದ್ದರೆ ಕ್ಯಾಸೆಟ್ ಕೆಟ್ಟಿದೆ ಎಂದು ಬಿಸಾಡಬೇಡಿ. ವಿಸಿಆರ್ ಮತ್ತು ಟಿವಿಯ ನಡುವೆ ಇನ್ನೊಂದು ರೆಕಾರ್ಡರ್ ಇದ್ದಾಗ ಮ್ಯಾಕ್ರೊವಿಷನ್ ಎಂಬ ನಕಲು ತಡೆ ಹೀಗೆ ಮಾಡುತ್ತದೆ. ವಿಸಿಆರ್ ಅನ್ನು ನೇರ ಟಿವಿಗೆ ಜೋಡಿಸಿ ಇನ್ನೊಮ್ಮೆ ನೋಡಿ.

ಪ್ರಶ್ನೆ: ರಿವೈಂಡ್ ಮಾಡುವಾಗ ಒಂದು ಕ್ಯಾಸೆಟ್‌ನ ಟೇಪ್ ತುಂಡಾಯಿತು. ಸರಿಪಡಿಸಿ ಮಾರಬಹುದೇ?

ಉತ್ತರ: ತುದಿಯ ಪಾರದರ್ಶಕ ಲೀಡರ್ ಪಟ್ಟಿಯ ಬಳಿ ತುಂಡಾಗಿದ್ದರೆ ಸುಲಭ. ಕ್ಯಾಸೆಟ್‌ನ ತಳದಲ್ಲಿ ಐದು ಸ್ಕ್ರೂಗಳಿರುತ್ತವೆ. ತಳ ಮೇಲಿದ್ದಾಗಲೇ ಅವನ್ನು ಬಿಚ್ಚಿ, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ತಿರುಗಿಸಿಟ್ಟುಕೊಂಡು ಮೇಲಿನ ಚಿಪ್ಪು ಎತ್ತಿ. ಇಲ್ಲವಾದರೆ ಒಳಗಿನ ಸ್ಪ್ರಿಂಗ್‌ಗಳು ಹಾರಿಹೋಗುತ್ತವೆ. ಟೇಪ್ ಹಾದುಹೋಗುವ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ತುದಿಗಳನ್ನು ನೇರವಾಗಿ ಕತ್ತರಿಸಿ, ಒಂದರ ಮೇಲೊಂದು ಬಾರದಂತೆ ಕೂಡಿಸಿ, ತುಂಡಾದ ಟೇಪ್ ಕೂಡಿಸಲೆಂದೇ ಸಿಗುವ ವಿಡಿಯೊ ಸ್ಪ್ಲೈಸಿಂಗ್ ಟೇಪ್ ಅಂಟಿಸಿ. ಕ್ಯಾಸೆಟ್‌ನ ಮುಚ್ಚಳ ಎತ್ತಿದಾಗ ಎದುರಿಗೆ ಕಾಣುವುದು ಚಿತ್ರವಿರುವ ಮುಖ. ಅಂಟು ಬೀಳಬೇಕಾದದ್ದು ಅದರ ಹಿಂಬದಿಗೆ. ಮಾಮೂಲಿ ಸೆಲೊಟೇಪ್ ಬಳಸಿದರೆ ಅಂಟು ಒಸರಿ ಕೊಂಡವರ ಹೆಡ್ ಹಾಳಾಗುತ್ತದೆ. ಚಿತ್ರದ ನಡುವೆ ತುಂಡಾಗಿದ್ದರೆ ಮಾರದಿರುವುದೇ ಲೇಸು. ಎಲ್ಲಿ ಅಂಟಿಸಿದರೂ ಅದನ್ನು ವಿವರಣೆಯಲ್ಲಿ ಬರೆಯಿರಿ.

ಪ್ರಶ್ನೆ: ಬೇರೆ ದೇಶದವರೊಬ್ಬರು ಕೊಂಡು, ಬಣ್ಣವೇ ಬರುತ್ತಿಲ್ಲ ಎಂದು ಹಣ ವಾಪಸ್ ಕೇಳುತ್ತಿದ್ದಾರೆ. ತಪ್ಪು ಎಲ್ಲಿದೆ?

ಉತ್ತರ: ಕ್ಯಾಸೆಟ್ ಬೇರೆ ಬೇರೆ ದೇಶಗಳ ಟಿವಿ ಪದ್ಧತಿಗಳಾದ ಪಾಲ್, ಎನ್‌ಟಿಎಸ್‌ಸಿ, ಸೆಕಾಮ್ ಪೈಕಿ ಯಾವುದು ಎಂದು ನೀವು ಹೇಳಿರಬೇಕಿತ್ತು. ಪದ್ಧತಿ ಹೊಂದದಿದ್ದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ ಇಲ್ಲವೇ ಉರುಳುತ್ತದೆ. ಹೇಳಿರದಿದ್ದರೆ ಹಣ ಮರಳಿಸುವುದೇ ನ್ಯಾಯ. ಡಿವಿಡಿಯಲ್ಲಾದರೆ ಇದರ ಜೊತೆಗೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಎಂದು ತಿಳಿಸುವ 1ರಿಂದ 6ರವರೆಗಿನ ಪ್ರದೇಶ ಸಂಕೇತವನ್ನೂ ಬರೆಯಿರಿ. ಬ್ಲೂರೇಗೆ ಪೈಪೋಟಿಯಾಗಿ ಬಂದು 2008ರಲ್ಲೇ ಕೈಬಿಟ್ಟ ಎಚ್‌ಡಿ ಡಿವಿಡಿಗೆ ಪ್ರದೇಶದ ಕಟ್ಟು ಇಲ್ಲ, ಆದರೆ ಅದು ಬ್ಲೂರೇ ಪ್ಲೇಯರ್‌ನಲ್ಲಿ ಓಡುವುದಿಲ್ಲ ಎಂಬುದನ್ನು ಎದ್ದುಕಾಣುವಂತೆ ಹಾಕಿ. ವಿಸಿಡಿಯಾದರೆ ಡಿಸ್ಕ್‌ಗಳನ್ನು ಎಣಿಸಿ. ಒಂದು ಡಿಸ್ಕ್‌ನಲ್ಲಿ ಹಿಡಿಸುವುದು ಸುಮಾರು 74 ನಿಮಿಷ ಮಾತ್ರ, ಎರಡನೆಯದು ಕಾಣೆಯಾಗಿದ್ದರೆ ಅರ್ಧ ಸಿನಿಮಾ ಮಾರಿದಂತೆ.

ಪ್ರಶ್ನೆ: ಲೇಸರ್‌ಡಿಸ್ಕ್‌ಗಳನ್ನು ಹೇಗೆ ಪರೀಕ್ಷಿಸಿ, ಹೇಗೆ ಕಳುಹಿಸಬೇಕು?

ಉತ್ತರ: ಡಿವಿಡಿಗಿಂತ ಮೊದಲು ಸಿನಿಮಾ ತುಂಬಿ ಮಾರುತ್ತಿದ್ದ, 30 ಸೆಂಟಿಮೀಟರ್ ಅಗಲದ ಈ ಡಿಸ್ಕ್ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ್ದು. ಒಳಗಿನ ಅಲ್ಯುಮಿನಿಯಂ ಪದರ ಆಕ್ಸಿಡೀಕರಣಗೊಂಡಾಗ ಚಿತ್ರದ ತುಂಬ ಬಣ್ಣದ ಚುಕ್ಕೆಗಳು ಮಿನುಗುತ್ತವೆ. ಬರಿಗಣ್ಣಿಗೆ ಡಿಸ್ಕ್ ಹೊಳೆಯುತ್ತಲೇ ಇರಬಹುದು, ಹಾಗಾಗಿ ಓಡಿಸಿಯೇ ನೋಡಬೇಕು, ಎರಡೂ ಬದಿಗಳನ್ನು. ಒಂದು ಬದಿ ಕೆಟ್ಟು ಇನ್ನೊಂದು ಚೆನ್ನಾಗಿರುವುದುಂಟು.

ಕಳುಹಿಸುವಾಗ ಗ್ರಾಮಫೋನ್ ಎಲ್‌ಪಿ ರೆಕಾರ್ಡಿನ ರಟ್ಟಿನ ಪೆಟ್ಟಿಗೆ ಅಳತೆಗೆ ಸರಿಹೊಂದುತ್ತದೆ. ಡಿಸ್ಕನ್ನು ಒಳಚೀಲದ ಸಮೇತ ಹೊರಕವಚದಿಂದ ತೆಗೆದು ಕವಚದ ಹಿಂದೆ ಇಡಿ. ಒಳಗೇ ಬಿಟ್ಟರೆ ಪೆಟ್ಟಿಗೆ ಬಿದ್ದಾಗ ಡಿಸ್ಕಿನ ಅಂಚು ಕವಚದ ಅಂಟಿಸಿದ ಅಂಚನ್ನು ಸೀಳುತ್ತದೆ. ಎರಡೂ ಕಡೆ ಗಟ್ಟಿ ರಟ್ಟು ಇರಲಿ.

ಪ್ರಶ್ನೆ: ಕ್ಯಾಸೆಟ್ ಜೊತೆ ಅದರ ಡಿಜಿಟಲ್ ಪ್ರತಿಯನ್ನೂ ಮಾಡಿ ಕೊಡಬಹುದೇ? ಅಂಚೆಯಲ್ಲಿ ಎಕ್ಸ್‌ರೇಯಿಂದ ಟೇಪ್ ಅಳಿಸಿಹೋಗುತ್ತದೆಯೇ?

ಉತ್ತರ: ಪ್ರತಿ ಮಾಡಿ ಮಾರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್‌ಗಳೂ ಮಾರಾಟಕ್ಕಲ್ಲ. ಎಕ್ಸ್‌ರೇ ಕಾಂತೀಯ ಟೇಪನ್ನು ಏನೂ ಮಾಡದು; ಕೆಡಿಸುವುದು ಅಯಸ್ಕಾಂತ, ಬಿಸಿಲು, ತೇವ. ಕ್ಯಾಸೆಟ್ಟನ್ನು ಪೂರ್ತಿ ರಿವೈಂಡ್ ಮಾಡಿ, ಪೆಟ್ಟಿಗೆ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸುತ್ತಲೂ ಎರಡು ಬೆರಳಿನಷ್ಟು ಮೆತ್ತೆ ಕೊಟ್ಟು ಡಬ್ಬಿಯಲ್ಲೇ ಕಳುಹಿಸಿ. ಬರಿಯ ಲಕೋಟೆಯಲ್ಲಿ ಹಾಕಿದರೆ ಮೊದಲು ಒಡೆಯುವುದು ಮುಂದಿನ ಮುಚ್ಚಳ.