ಮೊದಲು ಬದು, ಆಮೇಲೆ ಜೀವಾಮೃತ

ಪ್ರಶ್ನೆ: ಸರ್ಕಾರದಿಂದ ಮಂಜೂರಾದ ಎರಡೂವರೆ ಎಕರೆ ಮಸಾರಿ (ಕೆಂಪು ಮಣ್ಣಿನ) ಜಮೀನಿದೆ. ಇಳಿಜಾರು, ಬೋರ್ ಇಲ್ಲ. ವರ್ಷಾ ವರ್ಷ ಶೇಂಗಾ ಹಾಕುತ್ತೇವೆ, ಇಳುವರಿ ಕುಸಿದಿದೆ. ಹಾಕಿಸಿದ ಬದು ಎರಡೇ ಮಳೆಗೆ ಒಡೆಯಿತು. ಗೊಬ್ಬರದ ಬದಲು ಸಗಣಿ, ಗಂಜಲದ ಜೀವಾಮೃತ ಕೊಟ್ಟರೆ ಸಾಕೇ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಸಾಲದು. ಒಂದು ಎಕರೆಗೆ 30 ಮಿ.ಮೀ. ಮಳೆ ಬಿದ್ದರೆ ಸುಮಾರು 1.2 ಲಕ್ಷ ಲೀಟರ್ ನೀರು. ಕಾಲು ಭಾಗ ಹರಿದುಹೋದರೂ 30 ಸಾವಿರ ಲೀಟರ್, ಜೊತೆಗೆ ನೀವು ಹಾಕಿದ ಗೊಬ್ಬರವೂ ಪಕ್ಕದವರ ಹೊಲಕ್ಕೆ!

ಬದು ಒಡೆಯಲು ಸಾಮಾನ್ಯವಾಗಿ ಎರಡು ಕಾರಣ: ಹದ್ದುಬಸ್ತಿನ (ಜಮೀನಿನ ಗಡಿಯ) ಗೆರೆ ಹಿಡಿದು ಹಾಕಿರುತ್ತಾರೆ, ಕೋಡಿ ಬಿಟ್ಟಿರುವುದಿಲ್ಲ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ, ತಗ್ಗು ಸಿಕ್ಕಲ್ಲಿ ಒಟ್ಟಾಗಿ ನುಗ್ಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪಿನಿಂದ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಗೆರೆ ಗುರುತಿಸಿ. ಗೆರೆಯ ಮೇಲ್ಭಾಗದಲ್ಲಿ 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿಗಳನ್ನು ತೆಗೆಯಿರಿ. ಗುಂಡಿಗೂ ಗುಂಡಿಗೂ ನಡುವೆ 2 ಅಡಿ ಅಗೆಯದೆ ಬಿಡಿ, ಇಲ್ಲದಿದ್ದರೆ ಅದೇ ಕಾಲುವೆಯಾಗುತ್ತದೆ. ಮಣ್ಣನ್ನು ಗುಂಡಿಯ ಅಂಚಿನಿಂದ ಒಂದಡಿ ಬಿಟ್ಟು ಕೆಳಬದಿಗೆ ಹಾಕಿ, ಪದರ ಪದರವಾಗಿ ತುಳಿದು ಗಟ್ಟಿ ಮಾಡಿ. ಬದುವಿನ ನೆತ್ತಿಗಿಂತ ಒಂದು ಗೇಣು ಕೆಳಗೆ, 3 ಅಡಿ ಅಗಲದ ಕೋಡಿ ಬಿಟ್ಟು ಕಲ್ಲು ಹಾಸಿ. ಬದುವಿನ ಮೇಲೆ ಒಂದೂವರೆ ಅಡಿಗೊಂದು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಡಿ. ಕಡ್ಡಿಗಿಂತ ಬೀಜದ ಸಸಿ ಲೇಸು, ಬೇರು ಆಳಕ್ಕಿಳಿದು ಬರ ತಡೆಯುತ್ತದೆ.

ಶೇಂಗಾ ಕಿತ್ತಾಗ ಗಿಡ ಬೇರುಸಮೇತ ಹೋಗುತ್ತದೆ, ಹೊಟ್ಟು ದನದ ಪಾಲು, ಹೊಲ ಬಟ್ಟಬಯಲು. ಎಂಟು ಸಾಲಿಗೊಂದು ತೊಗರಿ ಅಕ್ಕಡಿ (ನಡುವಿನ ಸಾಲುಬೆಳೆ) ಹಾಕಿದರೆ ಅದು ಚಳಿಗಾಲದವರೆಗೂ ನಿಂತು ಎಲೆ ಉದುರಿಸುತ್ತದೆ. ಮುಂದಿನ ವರ್ಷ ನವಣೆ ಅಥವಾ ಸಜ್ಜೆ ಬಿತ್ತಿ, ಶೇಂಗಾದ ಎಲೆಚುಕ್ಕೆ, ಬುಡಕೊಳೆ ರೋಗಗಳು ತಗ್ಗುತ್ತವೆ.

ಇಷ್ಟಾದ ಮೇಲೆ ಜೀವಾಮೃತ. ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಲ್ಲಿ ಗೋಣಿಚೀಲ ಮುಚ್ಚಿ 48 ಗಂಟೆ ಇಡಿ, ದಿನಕ್ಕೆರಡು ಸಲ ತಿರುವಿ, ವಾರದೊಳಗೆ ಬಳಸಿ. ಡ್ರಮ್ಮಿನ ಮುಚ್ಚಳ ಬಿಗಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಒಣಮಣ್ಣಿಗೆ ಸುರಿದರೆ ವ್ಯರ್ಥ.

ಪ್ರಶ್ನೆ: ಪರಿಶಿಷ್ಟ ಜಾತಿಯವರಾದ ನಮಗೆ ಮಂಜೂರಾದ ಜಮೀನಿನ ಅರ್ಧ ಭಾಗ ಭೋಗ್ಯಕ್ಕೆ ಕೊಟ್ಟು ಕೃಷಿಹೊಂಡ ಮಾಡಿಸಬಹುದೇ? ಬರೀ ಕರಾರು ಪತ್ರ ಸಾಕು ಎನ್ನುತ್ತಾರೆ.
– ಓದುಗರು, ಜಗಳೂರು ತಾಲ್ಲೂಕು

ಉತ್ತರ: ಸಹಿ ಹಾಕಬೇಡಿ. 1978ರ ಪಿಟಿಸಿಎಲ್ ಕಾಯ್ದೆಯ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ) ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ, ಭೋಗ್ಯ, ಗುತ್ತಿಗೆ ಮಾತ್ರವಲ್ಲ, ಅವುಗಳ ಕರಾರೂ ಅಸಿಂಧು. ಜಮೀನು ಈಗಾಗಲೇ ಬೇರೆಯವರ ಕೈಸೇರಿದ್ದರೆ, ಮರಳಿ ಪಡೆಯಲು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಹೊಂಡದ ಸಹಾಯಧನವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮೇಲೆ 10×10 ಮೀಟರ್, ಆಳ 3 ಮೀಟರ್, ಬದಿಗಳು ಇಳಿಜಾರು ಇದ್ದರೆ ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಮಸಾರಿಯಲ್ಲಿ ನೀರು ಇಂಗಿಹೋಗುವುದರಿಂದ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ನೀರು ಬರುವ ಬಾಯಿಗೆ ಹೂಳು ಗುಂಡಿ ಮಾಡಿಸಿ, ಸುತ್ತ ಬೇಲಿ ಹಾಕಿಸಿ.