ಒಂದೇ ರಾತ್ರಿಯಲ್ಲಿ ಬೀಳುವ ಕೋಟೆಗಳು: ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇವೆ. ನಮ್ಮ ಐತಿಹಾಸಿಕ ಕಾದಂಬರಿ, ಸಿನಿಮಾಗಳಲ್ಲಿ ಆನೆ ಎರಡು ಸಲ ಹಣೆ ಕೊಟ್ಟರೆ ಕೋಟೆಬಾಗಿಲು ಮುರಿಯುತ್ತದೆ, ನಾಯಕ ಮೂವತ್ತು ಕಿಲೋ ಖಡ್ಗ ಬೀಸುತ್ತಾನೆ, ಫಿರಂಗಿ ಗುಂಡು ಬಿದ್ದಲ್ಲೆಲ್ಲ ಸಿಡಿಯುತ್ತದೆ, ಬೆಳಗಾಗುವುದರೊಳಗೆ ಕೋಟೆ ಕೈವಶ. ನೀವೀಗ 1520ರ ರಾಯಚೂರು ಮುತ್ತಿಗೆಯ ಮೇಲೆ, ಅಂದರೆ ಬಿಜಾಪುರದ ಸುಲ್ತಾನನ ಕೈಲಿದ್ದ ರಾಯಚೂರು ಕೋಟೆಯನ್ನು ವಿಜಯನಗರದ ಕೃಷ್ಣದೇವರಾಯ ಮುತ್ತಿದ್ದರ ಮೇಲೆ, ಕಾದಂಬರಿ ಬರೆಯುತ್ತಿದ್ದೀರಿ. ಇದನ್ನೆಲ್ಲ ಕೈಬಿಟ್ಟರೆ ಓದಿಸಿಕೊಂಡು ಹೋಗುವಂಥದ್ದು ಏನುಳಿಯುತ್ತದೆ ಎಂದು ಕೇಳಿದ್ದೀರಿ. ನಮ್ಮ ಅಭಿಪ್ರಾಯದಲ್ಲಿ, ಅದನ್ನು ಕೈಬಿಟ್ಟ ಮೇಲೆಯೇ ರಾಯಚೂರಿನ ಕಥೆ ಶುರುವಾಗುವುದು.

ಖಡ್ಗದ ಮಾತು ಬೇಗ ಮುಗಿಸೋಣ. ಯುದ್ಧದಲ್ಲಿ ಬಳಸುತ್ತಿದ್ದ ಕತ್ತಿಯ ತೂಕ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ಕಿಲೋ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯೂ ಮೂರು ಕಿಲೋ ದಾಟುವುದು ಅಪರೂಪ. ಮೂವತ್ತು ಕಿಲೋ ಎಂದರೆ ಅರ್ಧ ಮೂಟೆ ಸಿಮೆಂಟಿಗಿಂತ ಹೆಚ್ಚು. ಅದನ್ನು ಎತ್ತಿ ಒಮ್ಮೆ ಬೀಸುವಷ್ಟರಲ್ಲಿ ಎದುರಾಳಿ ನಾಲ್ಕು ಸಲ ಹೊಡೆದಿರುತ್ತಾನೆ. ಪೂಜೆಗೆ, ಮೆರವಣಿಗೆಗೆ ಮಾಡಿಸಿದ ಭಾರೀ ಆಯುಧಗಳನ್ನು ನೋಡಿ ರಣರಂಗದಲ್ಲೂ ಅವೇ ಇದ್ದವೆಂದು ನಂಬಬೇಡಿ.

ಆನೆಯ ವಿಷಯಕ್ಕೆ ಬಂದರೆ, ಕೋಟೆ ಕಟ್ಟಿದವರಿಗೆ ಆನೆಯ ಬಲ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೆಬ್ಬಾಗಿಲಿಗೆ ನೇರ ದಾರಿ ಬಿಡುತ್ತಿರಲಿಲ್ಲ. ಒಂದೆರಡು ಕಡೆ ತಿರುವು ಕೊಟ್ಟರೆ ಆನೆಗೆ ಓಡಿಬಂದು ಗುದ್ದಲು ಜಾಗವೇ ಸಿಗುವುದಿಲ್ಲ. ಕದಕ್ಕೆ ಕಬ್ಬಿಣದ ಪಟ್ಟಿ, ಆನೆಯ ಹಣೆ ತಾಗುವ ಎತ್ತರದಲ್ಲಿ ಚೂಪು ಮೊಳೆ, ಒಳಗಿನಿಂದ ಅಡ್ಡ ತೊಲೆ. ತಿರುವಿನ ಎರಡೂ ಬದಿಯ ಗೋಡೆಯ ಮೇಲಿಂದ ಕಲ್ಲು, ಬಾಣ. ಗಾಯಗೊಂಡ ಆನೆ ಹಿಂದೆ ತಿರುಗಿತೆಂದರೆ ಆ ಇಕ್ಕಟ್ಟಿನಲ್ಲಿ ತುಳಿಸಿಕೊಳ್ಳುವವರು ಅದರ ಬೆನ್ನಿಗೆ ಬಂದ ಸ್ವಂತ ಪಡೆಯವರೇ.

ಈಗ ರಾಯಚೂರಿನ ಗೋಡೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತವೇ ಈ ಮುತ್ತಿಗೆಗೆ ನಮ್ಮ ಮುಖ್ಯ ಆಕರ. ಅವನ ಪ್ರಕಾರ ಊರಿಗೆ ಮೂರು ಸುತ್ತಿನ ಕೋಟೆ. ಸುಣ್ಣದ ಗಾರೆಯಿಲ್ಲದೆ ಕೂಡಿಸಿದ ಭಾರೀ ಕಲ್ಲುಗಳ ಗೋಡೆ, ಒಳಗೆ ಮಣ್ಣು ತುಂಬಿದ್ದು. ಇಂಥ ಗೋಡೆಗೆ ಗುಂಡು ಹೊಡೆದರೆ ಏಟನ್ನು ಮಣ್ಣು ನುಂಗಿಕೊಳ್ಳುತ್ತದೆ. ಆದರೆ ಗಾರೆಯಿಲ್ಲದ ಕಲ್ಲಿನ ಸಂದಿಗೆ ಹಾರೆಯ ತುದಿ ಹೋಗುತ್ತದೆ. ಕೃಷ್ಣದೇವರಾಯನ ಕಡೆಯವರು ಹಿಡಿದ ದಾರಿಯೂ ಅದೇ: ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ಬಂದು ಕಲ್ಲು ಕೀಳುವುದು.

ಮೇಲಿನಿಂದ ಸಾವು ಸುರಿಯುತ್ತಿರುವಾಗ ಹಾರೆ ಹಿಡಿದು ಬುಡಕ್ಕೆ ಹೋಗುವವರು ಯಾರು? ದಳಪತಿಗಳು ಕಂಡುಕೊಂಡ ಉಪಾಯ ಯಾವ ಕಾದಂಬರಿಕಾರನಿಗೂ ಹೊಳೆಯುವಂಥದ್ದಲ್ಲ. ಕಿತ್ತು ತಂದ ಕಲ್ಲನ್ನು ಅವರು ದುಡ್ಡು ಕೊಟ್ಟು ಕೊಂಡರು! ಕಲ್ಲಿನ ಗಾತ್ರ ನೋಡಿ 10, 20, 30, 40, 50 ಹಣ. ಆಗಿನ 'ಹಣ' ಚಿನ್ನದ ಸಣ್ಣ ನಾಣ್ಯ. ನಿಮ್ಮ ಕಾದಂಬರಿಗೆ ಒಂದು ಇಡೀ ಅಧ್ಯಾಯ ಇಲ್ಲೇ ಇದೆ. ಐವತ್ತು ಹಣದ ಕಲ್ಲಿಗೆ ಕಣ್ಣು ಹಾಕಿದವನು, ಅದನ್ನು ಅಲುಗಿಸಲು ಜೊತೆಗೆ ಕರೆದುಕೊಂಡವರು, ಪಾಲಿನ ಜಗಳ, ತೂಕ ನೋಡಿ ಮೂಗು ಮುರಿಯುವ ಲೆಕ್ಕಿಗ.

ಕೋಟೆಯಲ್ಲಿ 8,000 ಕಾವಲು ಪಡೆ, 400 ಕುದುರೆ, 20 ಆನೆ, 200 ದೊಡ್ಡ ಫಿರಂಗಿ ಇದ್ದವೆಂದು ನ್ಯೂನಿಜ್ ಬರೆಯುತ್ತಾನೆ. ಜೊತೆಗೆ ಕಲ್ಲೆಸೆಯುವ 30 ಯಂತ್ರಗಳೂ ಇದ್ದವು. ಹಳೆಯ ಯಂತ್ರ, ಹೊಸ ಫಿರಂಗಿ ಒಂದೇ ಗೋಡೆಯ ಮೇಲಿದ್ದದ್ದನ್ನು ಗಮನಿಸಿ. ಇಷ್ಟಿದ್ದೂ ಬುಡದಲ್ಲಿ ಕಲ್ಲು ಕೀಳುವವರನ್ನು ಫಿರಂಗಿ ಮುಟ್ಟಲಿಲ್ಲ. ಎತ್ತರದಲ್ಲಿ ಕೂರಿಸಿದ ತೋಪಿನ ಬಾಯನ್ನು ನೆಟ್ಟಗೆ ಕೆಳಕ್ಕೆ ಬಾಗಿಸಲು ಬರುವುದಿಲ್ಲ. ಗುಂಡು ತಲೆಯ ಮೇಲೆ ಹಾದು ಹೋಗುತ್ತದೆ. ಬುಡದವರನ್ನು ಕೊಲ್ಲಬೇಕಾದರೆ ಕಾವಲಿನವನು ತೆನೆಗಳ (ಕೋಟೆಗೋಡೆಯ ತುದಿಯಲ್ಲಿ ಹಲ್ಲಿನಂತೆ ಎದ್ದ ಕಟ್ಟಡದ) ನಡುವಿನಿಂದ ಮೈ ಹೊರಚಾಚಿ ಬಾಣವನ್ನೋ ಕಲ್ಲನ್ನೋ ಬಿಡಬೇಕು. ಹಾಗೆ ಬಿಟ್ಟೇ ಅವರು ಬಹಳ ಜನರನ್ನು ಕೊಂದರು.

ಕುದುರೆ ಮಾರಲು ವಿಜಯನಗರಕ್ಕೆ ಬಂದಿದ್ದ ಕ್ರಿಸ್ಟೊವಾವೊ ದ ಫಿಗೆರೆದೊ ಎಂಬಾತ ಇಪ್ಪತ್ತು ಮಂದಿ ಕೋವಿಕಾರರೊಂದಿಗೆ ಮಹತ್ವ ಪಡೆದದ್ದು ಇದೇ ಕಾರಣಕ್ಕೆ. ಬತ್ತಿ ಹೊತ್ತಿಸುವ ಕೋವಿಗೆ ಮತ್ತೆ ಮದ್ದು ತುಂಬಲು ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲ. ನೂರು ಮೀಟರಿನಾಚೆ ಗುರಿಯ ಭರವಸೆಯಿಲ್ಲ. ಬಯಲಿನಲ್ಲಿ ಇಪ್ಪತ್ತು ಕೋವಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಇಲ್ಲಿ ಗುರಿ ತಾನಾಗಿ ತೆನೆಯಿಂದ ತಲೆ ಹೊರಹಾಕುತ್ತದೆ. ಮೇಲಿನವರು ತಲೆ ತೋರಿಸಲು ಹೆದರಿದಷ್ಟೂ ಕೆಳಗೆ ಹಾರೆಯ ಕೆಲಸ ಸಲೀಸು. ಕೊನೆಗೆ ಏನಾಗುತ್ತಿದೆ ನೋಡಲು ಬಗ್ಗಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ಬಿತ್ತು, ಊರು ಶರಣಾಯಿತು. ಇದನ್ನು 'ಪರಂಗಿಯವರ ಬಂದೂಕು ಗೆದ್ದಿತು' ಎಂದು ಬರೆದರೆ ಅರ್ಧ ಸತ್ಯ. ಹಾರೆಯವರಿಲ್ಲದಿದ್ದರೆ ಯಾರೂ ತಲೆ ಹೊರಹಾಕುತ್ತಲೇ ಇರಲಿಲ್ಲ.

ಫಿರಂಗಿ ಗುಂಡು ಸಿಡಿಯುವ ಪ್ರಶ್ನೆ: ಆಗಿನ ಗುಂಡು ಗಟ್ಟಿ ಕಲ್ಲು ಅಥವಾ ಕಬ್ಬಿಣ. ಬಿದ್ದಲ್ಲಿ ಪುಟಿಯುತ್ತದೆ, ಉರುಳುತ್ತದೆ, ಸಾಲಾಗಿ ನಿಂತವರ ಕಾಲು ಮುರಿಯುತ್ತದೆ, ಬೆಂಕಿಯ ಚೆಂಡಾಗುವುದಿಲ್ಲ. ನಿಜವಾದ ನಾಟಕ ಮತ್ತೆ ತುಂಬುವುದರಲ್ಲಿದೆ. ನಳಿಗೆ ಒರೆಸಿ, ಮದ್ದು ಹಾಕಿ, ಗುಂಡಿಟ್ಟು, ಹಿಂದಕ್ಕೆ ಒದ್ದುಕೊಂಡ ತೋಪನ್ನು ಮತ್ತೆ ಗುರಿಗೆ ತರುವಷ್ಟರಲ್ಲಿ ಕುದುರೆ ಸವಾರ ಮೇಲೆ ಬಿದ್ದಿರುತ್ತಾನೆ. ಮುತ್ತಿಗೆಯ ನಡುವೆ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆ ದಾಟಿ ಬಂದು ಕಾದ ದಿನ ಆದದ್ದು ಹೆಚ್ಚುಕಡಿಮೆ ಹೀಗೆಯೇ. ಆ ದಿನ 1520ರ ಮೇ 19 ಎಂದು ಇತಿಹಾಸಕಾರ ಸಿವೆಲ್ ಲೆಕ್ಕ ಹಾಕಿದ್ದಾನೆ. ಬಿಜಾಪುರದ ತೋಪುಗಳು ಒಟ್ಟಿಗೇ ಹಾರಿದವು, ರಾಯನ ಮುಂಚೂಣಿ ಚೆದುರಿತು, ಬಿಜಾಪುರದವರು ಬೆನ್ನಟ್ಟಿದರು. ಆಗ ರಾಯ ಎರಡನೆಯ ಸಾಲಿನೊಂದಿಗೆ ನುಗ್ಗಿದ. ಹಿಮ್ಮೆಟ್ಟಿದವರಿಗೆ ಬೆನ್ನ ಹಿಂದೆ ನದಿ. 400 ದೊಡ್ಡ ಫಿರಂಗಿ, ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ತಂದ 4,000 ಕುದುರೆ, 100 ಆನೆ ಕೈಸೇರಿದವೆಂದು ನ್ಯೂನಿಜ್ ಪಟ್ಟಿ ಮಾಡುತ್ತಾನೆ. ರಾಯನ ಕಡೆ ಸತ್ತವರು 16,000ಕ್ಕೂ ಮೇಲೆ ಎಂದೂ ಸೇರಿಸುತ್ತಾನೆ. ಗೆದ್ದವರ ಸಾವಿನ ಲೆಕ್ಕ ನಮ್ಮ ಕಥೆಗಳಿಂದ ಸದಾ ಜಾರಿಹೋಗುತ್ತದೆ.

ಇನ್ನು ಸಂಖ್ಯೆ. ರಾಯನ ಸೈನ್ಯಕ್ಕೆ ನ್ಯೂನಿಜ್ ಕೊಡುವ ಮೊತ್ತ 7,03,000 ಕಾಲಾಳು, 32,600 ಕುದುರೆ, 551 ಆನೆ. ಹೊಟ್ಟೆಯ ಲೆಕ್ಕ ಹಾಕಿ ನೋಡಿ. ಆಳಿಗೆ ದಿನಕ್ಕೆ ಒಂದು ಕಿಲೋ ಧಾನ್ಯ, ಕುದುರೆಗೆ ನಾಲ್ಕು ಕಿಲೋ ಹುರುಳಿಯೋ ಕಡಲೆಯೋ ಎಂದರೆ ದಿನಕ್ಕೆ 830 ಟನ್. ಹೇರೆತ್ತಿಗೆ ನೂರು ಕಿಲೋದಂತೆ ದಿನವೂ 8,300 ಎತ್ತಿನ ಹೇರು ಬರಬೇಕು. ಆ ಎತ್ತುಗಳಿಗೂ ಮೇವು ಬೇಕು, ಅದೂ ಹುಲ್ಲು ಒಣಗಿದ ಬೇಸಿಗೆಯಲ್ಲಿ, ಮೂರು ತಿಂಗಳು. ಆದ್ದರಿಂದ ಆ ಮೊತ್ತವನ್ನು ಕಂಡವರ ಬೆರಗೆಂದು ತಿಳಿಯಿರಿ, ಹಾಜರಿ ಪುಸ್ತಕವೆಂದಲ್ಲ. ಅದೇ ನ್ಯೂನಿಜ್ ಹೇಳುವ ಇನ್ನೊಂದು ಸಂಗತಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ದಂಡು ನಡೆಯುವ ದಾರಿಯುದ್ದಕ್ಕೂ ತೊಗಲಿನ ಚೀಲದಲ್ಲಿ ನೀರು ಹೊತ್ತ ಹತ್ತು ಹನ್ನೆರಡು ಸಾವಿರ ಜನರನ್ನು ನಿಲ್ಲಿಸಿದ್ದರಂತೆ, ಯಾರೂ ಬಾಯಾರಿ ಸಾಯದಿರಲೆಂದು. ಎಣಿಕೆ ಇಲ್ಲೂ ಉಬ್ಬಿರಬಹುದು, ಅಗತ್ಯ ಮಾತ್ರ ಸುಳ್ಳಲ್ಲ. ವಿಜಯನಗರದಿಂದ ರಾಯಚೂರಿಗೆ ಸುಮಾರು 150 ಕಿಲೋಮೀಟರ್. ಎತ್ತಿನ ನಡಿಗೆಯಲ್ಲಿ ದಿನಕ್ಕೆ ಹನ್ನೆರಡು ಕಿಲೋಮೀಟರ್ ಹಿಡಿದರೂ ಹದಿಮೂರು ದಿನದ ದಾರಿ. ನಿಮ್ಮ ಹಸ್ತಪ್ರತಿಯಲ್ಲಿ ಸೈನ್ಯ ಸಂಜೆ ಹೊರಟು ಮರುದಿನ ಬೆಳಿಗ್ಗೆ ಕೋಟೆಯೆದುರು ನಿಂತಿದೆ; ಅದನ್ನು ತಿದ್ದಿ.

ಕೊನೆಯದಾಗಿ, ಇಸ್ಮಾಯಿಲ್ ಕುಡಿದ ಅಮಲಿನಲ್ಲಿ ನದಿ ದಾಟಿ ಸೋತನೆಂಬ ಪ್ರಸಂಗವನ್ನು ಬಳಸಬಹುದೇ ಎಂದು ಕೇಳಿದ್ದೀರಿ. ಅದು ಪರ್ಷಿಯನ್ ಭಾಷೆಯ ಇತಿಹಾಸಕಾರ ಫಿರಿಶ್ತಾ ಬರೆದದ್ದು. ಆತ ಕದನದ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬಿಜಾಪುರದ ಆಸ್ಥಾನದಲ್ಲಿದ್ದವನು. ಆತನ ಲೆಕ್ಕದಲ್ಲಿ ಇಸ್ಮಾಯಿಲನ ಕುದುರೆ ಪಡೆ ಬರೀ 7,000; ನ್ಯೂನಿಜ್ ಹೇಳುವುದಕ್ಕಿಂತ ತೀರ ಕಡಿಮೆ. ಸೋತ ಮನೆತನದ ಆಶ್ರಯದಲ್ಲಿದ್ದವನಿಗೆ ಎದುರಾಳಿಯ ಯುದ್ಧತಂತ್ರಕ್ಕಿಂತ ಒಂದು ಸಂಜೆಯ ಮದ್ಯವನ್ನು ದೂರುವುದು ಸುಲಭ. ಪ್ರಸಂಗವನ್ನು ಬಿಡಬೇಕಿಲ್ಲ. ನಿರೂಪಕನ ಬಾಯಲ್ಲಿ ಬೇಡ. ಬಿಜಾಪುರಕ್ಕೆ ಓಡಿಬಂದ ಒಬ್ಬ ಸರದಾರನ ಬಾಯಲ್ಲಿ ಹೇಳಿಸಿ.

— ಸಂಪಾದಕ